ಹರಡಿದ ಮಳೆ

ಆ ಕಟ್ಟಡದಲ್ಲಿ ನಾಳೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬೇಕಾದಷ್ಟು ಜನ ಇದ್ದರು. ನಿನ್ನೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವನು ಅವನೊಬ್ಬನೇ. ಕೆಳಗಿನ ಯಂತ್ರದ ಕೋಣೆಯಲ್ಲಿ ಬಿಡುವಿಲ್ಲದೆ ಓಡುವ ಹವಾಮಾನದ ಮಾದರಿಗಳು ಗಾಳಿ, ತೇವ, ಶಾಖಗಳ ಲೆಕ್ಕ ಹಾಕಿ ನಕ್ಷೆಯ ಯಾವ ಚೌಕದಲ್ಲಿ ಎಷ್ಟು ಮಳೆ ಸುರಿಯುತ್ತದೆಂದು ಹೇಳುತ್ತಿದ್ದವು. ಹೇಳಿದ್ದು ಎಷ್ಟು, ನಿಜಕ್ಕೂ ಸುರಿದದ್ದು ಎಷ್ಟು ಎಂದು ಮಾರನೆಯ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಅವನ ಕೆಲಸ. ಮಳೆ ಬಂದು, ನಿಂತು, ರಸ್ತೆ ಒಣಗಿ, ಜನ ಅದನ್ನು ಮರೆತ ಮೇಲೆ, ಬರುತ್ತದೆ ಎಂದವರು ಯಾರು ಬರುವುದಿಲ್ಲ ಎಂದವರು ಯಾರು ಎಂದು ವಿಚಾರಿಸುವವನನ್ನು ಯಾರೂ ಪ್ರೀತಿಸುವುದಿಲ್ಲ. ಕಚೇರಿಯವರು ಅವನಿಗೆ ‘ನಿನ್ನೆ’ ಎಂದು ಅಡ್ಡಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು. ಒಮ್ಮೆ ಹೊರಗಿನಿಂದ ಬಂದ ಯಾರೋ ದೊಡ್ಡ ಮನುಷ್ಯರಿಗೆ ನಿರ್ದೇಶಕರು ಎಲ್ಲರನ್ನೂ ಪರಿಚಯ ಮಾಡಿಕೊಡುತ್ತ ಅವನ ಮೇಜಿನ ಹತ್ತಿರ ಬಂದಾಗ, ಹೆಸರು ನಾಲಗೆಗೆ ಬಾರದೆ, “ಇವರು ನಮ್ಮ... ನಿನ್ನೆ...” ಎಂದು ತಡವರಿಸಿದ್ದರು. ದೊಡ್ಡ ಮನುಷ್ಯರು ಕೈಕುಲುಕಿ, “ಓಹೋ, ನಿನ್ನೆ ರಜೆ ಮೇಲಿದ್ರಾ?” ಎಂದು ವಿಚಾರಿಸಿದರು. ಅವನು ಹೌದು ಎಂದಿದ್ದ. ರಜೆ ಹಾಕದೇ ವರ್ಷವಾಗಿತ್ತು. ಯಾಕೆ ಹೌದು ಎಂದೆ ಎಂದು ಈಗಲೂ ಒಮ್ಮೊಮ್ಮೆ ಹಲ್ಲುಜ್ಜುವಾಗ ನೆನಪಾಗಿ ಕೈ ನಿಲ್ಲುತ್ತಿತ್ತು.

ಇವತ್ತು ಮಾತ್ರ ಎಲ್ಲರಿಗೂ ನಿನ್ನೆಯ ಮೇಲೆ ಆಸಕ್ತಿ. ಮಧ್ಯಾಹ್ನ ಸಭೆಯಿತ್ತು. ಹಳೆಯ ಮಾದರಿಯನ್ನೇ ಮುಂದುವರಿಸುವುದೋ, ಹೊಸದನ್ನು ತರುವುದೋ ಎಂಬುದು ಅವನು ತೆಗೆದ ಅಂಕದ ಮೇಲೆ ನಿಂತಿತ್ತು. ಎರಡನ್ನೂ ಕಾಯಮ್ಮಾಗಿ ಓಡಿಸುವಷ್ಟು ಯಂತ್ರಗಳಿರಲಿಲ್ಲ. ಹೊಸ ಮಾದರಿ ಅವನ ಹೆಂಡತಿಯ ತಮ್ಮನದು. ಬಾಮೈದ ನಾಲ್ಕು ವರ್ಷ ಅದರ ಮೇಲೆ ಕೂತು, ತಲೆಕೂದಲನ್ನು ಅದರ ಮೇಲೆಯೇ ಉದುರಿಸಿಕೊಂಡಿದ್ದ. ಗುತ್ತಿಗೆಯ ಕೆಲಸ, ಮಾದರಿ ಉಳಿದರೆ ಅವನು ಉಳಿದ, ಇಲ್ಲದಿದ್ದರೆ ತಿಂಗಳ ಕೊನೆಗೆ ಅದೂ ಇಲ್ಲ ಅವನೂ ಇಲ್ಲ. ಬೆಳಿಗ್ಗೆ ಹೆಂಡತಿ ಟೀ ಲೋಟವನ್ನು ಅವನ ಮುಂದೆ ಇಡುವಾಗ ಸದ್ದಾಗಲಿಲ್ಲ. ಸದ್ದಾಗಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ಒಂದು ತುದಿ ಸಿಗುತ್ತಿತ್ತು. ಅವಳು ಎಷ್ಟೋ ತಿಂಗಳಿಂದ ಹೀಗೇ ಇದ್ದಳು, ಹೋಟೆಲಿನಲ್ಲಿ ಅಪರಿಚಿತರಿಗೆ ಬಡಿಸುವವರ ಹಾಗೆ ನಯವಾಗಿ. ಪ್ರತಿ ಸಲವೂ ಹೊಸ ಮಾದರಿಗೆ ಹಳೆಯದಕ್ಕಿಂತ ಕೆಟ್ಟ ಅಂಕ ಹಾಕಿ ಮೇಲಕ್ಕೆ ಕಳಿಸಿದವನು ಅವನೇ. “ಸ್ವಂತ ಬಾಮೈದನಿಗೂ ಬಿಡೋದಿಲ್ಲ ಪುಣ್ಯಾತ್ಮ” ಎಂದು ಯಾರೋ ಮೆಟ್ಟಿಲ ಮೇಲೆ ಹೇಳಿದ್ದು ಕಿವಿಗೆ ಬಿದ್ದು ಅವನಿಗೆ ಒಳಗೊಳಗೇ ಹಿತವಾಗಿತ್ತು. ಆ ಹಿತವನ್ನು ಮನೆಗೆ ತಂದು, ಯಾರೋ ಹೀಗಂದರು ಎಂದು ಬಿಚ್ಚಿದ್ದು ದೊಡ್ಡ ತಪ್ಪು. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ, “ನಿಮ್ಮ ಪ್ರಾಮಾಣಿಕತೆ ತೋರಿಸ್ಕೊಳ್ಳೋಕೆ ನನ್ನ ತಮ್ಮನೇ ಬೇಕಾಗಿತ್ತಾ?” ಎಂದಿದ್ದಳು. ಇವತ್ತು ಬೆಳಿಗ್ಗೆ ಟೀ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೊರಟು ಬಂದಿದ್ದ.

ಕಂಪ್ಯೂಟರ್ ಹಚ್ಚಿದಾಗ ಅಂಕ ಅವನಿಗಾಗಿಯೇ ಕಾದಂತಿತ್ತು. ಹೇಳಿದ್ದಕ್ಕೂ ಸುರಿದದ್ದಕ್ಕೂ ಇರುವ ವ್ಯತ್ಯಾಸವನ್ನು ಒಂದೊಂದು ಚೌಕದಲ್ಲೂ ತೆಗೆದು, ಸಣ್ಣ ತಪ್ಪಿಗೆ ಸಣ್ಣ ದಂಡ, ದೊಡ್ಡ ತಪ್ಪಿಗೆ ಬಹಳ ದೊಡ್ಡ ದಂಡ ಹಾಕಿ, ಎಲ್ಲವನ್ನೂ ಕೂಡಿಸಿ ಸರಾಸರಿ ಮಾಡಿದ ಸಂಖ್ಯೆ ಅದು, ಕಡಿಮೆಯಾದಷ್ಟೂ ಒಳ್ಳೆಯದು. ಪರೀಕ್ಷೆಯ ಈ ಕೊನೆಯ ಅವಧಿಯಲ್ಲಿ ಹೊಸ ಮಾದರಿಯ ಸಂಖ್ಯೆ ಹಳೆಯದಕ್ಕಿಂತ ಕೆಳಗಿಳಿದಿತ್ತು. ಇಳಿದದ್ದೂ ಸ್ವಲ್ಪವಲ್ಲ. ಅವನಿಗೆ ಸಂತೋಷವಾಗಬೇಕಿತ್ತು. ಅದರ ಬದಲು, ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವನ ಹಾಗಾಯಿತು. ಮೊದಲು ತನ್ನದೇ ತಪ್ಪಿರಬಹುದೆಂದು ಎರಡು ಮಾದರಿಗಳ ಫೈಲು ಅದಲುಬದಲಾಗಿದೆಯೇ ನೋಡಿದ. ಆಗಿರಲಿಲ್ಲ. ಮಳೆಮಾಪಕಗಳ ಲೆಕ್ಕ ಬಿಟ್ಟುಹೋಗಿದೆಯೇ ನೋಡಿದ. ಹೋಗಿರಲಿಲ್ಲ. ಕೊನೆಗೆ, ಅಂಕ ಬಂದ ಮೇಲೆ ಯಾರೂ ತೆರೆಯದ ನಕ್ಷೆಗಳನ್ನು ಒಂದೊಂದಾಗಿ ತೆರೆದ. ಬಾಮೈದನ ಮಾದರಿಯ ನಕ್ಷೆಗಳ ಮುಖಪರಿಚಯ ಅವನಿಗಿತ್ತು. ಬಿಳಿಯ ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಭಾರಿ ಮಳೆಯ ಕೆಂಪು ಚುಕ್ಕೆ, ಸುತ್ತ ಗಟ್ಟಿ ಅಂಚು. ಇಲ್ಲಿ ಸುರಿಯುತ್ತದೆ, ಇದರಾಚೆ ಹನಿಯೂ ಬೀಳುವುದಿಲ್ಲ ಎನ್ನುವ ಮೊಂಡುತನ. ಈಗ ಆ ಅಂಚುಗಳಿರಲಿಲ್ಲ. ಹಾಳೆಯ ತುಂಬ ಹಗುರ ಮಳೆಯ ತಿಳಿಹಸಿರು. ಮಾರುಕಟ್ಟೆಯ ಮಾಪಕ ತುಂಬಿ ಹರಿದ ದಿನವೂ ತಿಳಿಹಸಿರು, ಎಲ್ಲಿಯೂ ಹನಿ ಬೀಳದ ದಿನವೂ ಒಂದಿಷ್ಟು ತಿಳಿಹಸಿರು. ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಯಾರು, ಯಾಕೆ ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

ಈ ಅವಧಿ ಶುರುವಾಗುವ ಮುಂಚಿನ ಒಂದು ಭಾನುವಾರದ ಊಟ ಅದು. ಬಾಮೈದ ಬಂದಿದ್ದ, ತಟ್ಟೆಯಲ್ಲಿ ಬಡಿಸಿದ್ದನ್ನು ಕಲಸುತ್ತ ಕಲಸುತ್ತ ತಿನ್ನುವುದನ್ನೇ ಮರೆತು ಗುಡುಗುಮಳೆ ಹೇಗೆ ಹುಟ್ಟುತ್ತದೆಂದು ಹೇಳುತ್ತಿದ್ದ. ಅವನಿಗೆ ಹೇಳುವ ಹುಚ್ಚು. “ನೋಡಿ ಭಾವ, ಮೋಡ ಎಲ್ಲಿ ಒಡೆಯುತ್ತೆ ಅಂತ ನನ್ನ ಮಾಡೆಲ್ಲಿಗೆ ಗೊತ್ತಾಗ್ತಿದೆ. ಒಂದೋ ಎರಡೋ ಬಡಾವಣೆ ಆಚೆ ಈಚೆ ಆಗುತ್ತೆ, ಅಷ್ಟೆ. ಹಳೇದಕ್ಕೆ ಒಡೆಯುತ್ತೆ ಅನ್ನೋದೇ ಗೊತ್ತಿಲ್ಲ. ಆದ್ರೂ ಅದಕ್ಕೇ ಒಳ್ಳೆ ಅಂಕ. ಇದ್ಯಾವ ನ್ಯಾಯ?” ನ್ಯಾಯವಲ್ಲ ಎಂದು ಅವನಿಗೂ ಗೊತ್ತಿತ್ತು. ನೆಂಟರು ಈ ಮನೆಗೆ ಬರುತ್ತಾರೆ ಎಂದು ಒಬ್ಬ ಹೇಳುತ್ತಾನೆ. ನೆಂಟರು ಬರುತ್ತಾರೆ, ಆದರೆ ಪಕ್ಕದ ಮನೆಗೆ. ಮಾಡಿದ ಅಡಿಗೆ ದಂಡವಾಯಿತೆಂದು ಈ ಮನೆಯವರು ಬಯ್ಯುತ್ತಾರೆ, ಮೊದಲೇ ಯಾಕೆ ಹೇಳಲಿಲ್ಲವೆಂದು ಪಕ್ಕದ ಮನೆಯವರು ಬಯ್ಯುತ್ತಾರೆ. ಒಂದು ತಪ್ಪಿಗೆ ಎರಡು ಬೈಗುಳ. ಯಾರಾದರೂ ಎಲ್ಲಿಗಾದರೂ ಬಂದರೂ ಬರಬಹುದು ಎಂದವನನ್ನು ಯಾರೂ ಬಯ್ಯುವುದಿಲ್ಲ. ಅವನ ಅಂಕದ ಪದ್ಧತಿ ಹಾಗಿತ್ತು, ಚೌಕ ತಪ್ಪಿದರೆ ಎರಡೂ ಕಡೆ ದಂಡ. ಅಕ್ಕಪಕ್ಕದ ಚೌಕಗಳನ್ನೂ ನೋಡಿ, ಹತ್ತಿರ ಬಿದ್ದದ್ದಕ್ಕೆ ಅರ್ಧವಾದರೂ ಮರ್ಯಾದೆ ಕೊಡುವ ಲೆಕ್ಕ ಬೇರೆಯಿದೆ. ಅದನ್ನು ಅವನು ಓದಿಕೊಂಡಿದ್ದ, ಮಾಡಿಯೂ ನೋಡಿದ್ದ, ಆ ಲೆಕ್ಕದಲ್ಲಿ ಬಾಮೈದನ ಮಾದರಿ ಹಳೆಯದನ್ನು ಎಲ್ಲೋ ಹಿಂದೆ ಹಾಕುತ್ತಿತ್ತು. ಅದನ್ನು ನಿರ್ದೇಶಕರ ಮುಂದೆ ಇಡಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೂ ಹೋಗಿದ್ದ. ಬಾಮೈದ ಗೆಲ್ಲಲಿ ಎಂದು ಅಳತೆಗೋಲನ್ನೇ ಬದಲಾಯಿಸಿದ ಎನ್ನುತ್ತಾರೆ, ಮೆಟ್ಟಿಲ ಮೇಲೆ ಮಾತು ತಿರುಗುತ್ತದೆ. ಪ್ರತಿ ಸಲವೂ ಬಾಗಿಲಿಂದ ತಿರುಗಿ ಬಂದಿದ್ದ. ಆ ಭಾನುವಾರ ಅವನಿಗೆ ದಣಿವಾಗಿತ್ತು, ಬಾಮೈದನ ಕಣ್ಣಿನ ಹೊಳಪು ದಣಿವನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು, ಹೆಂಡತಿ ಸೌಟು ಹಿಡಿದು ಗಂಡನ ಮುಖವನ್ನೇ ನೋಡುತ್ತಿದ್ದಳು. “ಅಷ್ಟು ಖಡಾಖಂಡಿತವಾಗಿ ಯಾಕೆ ಹೇಳೋಕೆ ಹೋಗ್ತೀಯೋ? ಅಂಕ ತಾನೇ ಬೇಕು ನಿಂಗೆ? ಮಳೇನ ಸ್ವಲ್ಪ ಹರಡಿಬಿಡು. ತಪ್ಪು ತಾನಾಗೇ ಇಳಿಯುತ್ತೆ” ಎಂದಿದ್ದ. ತಮಾಷೆಗೆ ಅಂದದ್ದೇ? ಬಾಯಿ ಮುಚ್ಚಿಸಲು ಅಂದದ್ದೇ? ಈಗ ಎಷ್ಟು ಕೆದಕಿದರೂ ತನ್ನ ದನಿ ಹೇಗಿತ್ತೆಂದು ನೆನಪಿಗೆ ಬರುತ್ತಿಲ್ಲ. ಬಾಮೈದ ನಕ್ಕಿರಲಿಲ್ಲ ಎಂಬುದಷ್ಟೇ ನೆನಪಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಏನ್ ಸಾರ್, ನಿನ್ನೆ ಇವತ್ತು ಇಷ್ಟು ಬೇಗ ಬಂದ್ಬಿಟ್ಟಿದೆ?” ಮುನ್ಸೂಚನೆ ಬರೆಯುವ ಸಹೋದ್ಯೋಗಿ ಬಾಗಿಲಲ್ಲಿ ನಿಂತಿದ್ದ. ಇವನಿಗೆ ಛತ್ರಿ ಎಂದು ಹೆಸರು; ತಾನೇ ಬಿಸಿಲೆಂದು ಬರೆದ ದಿನವೂ ಛತ್ರಿಯಿಲ್ಲದೆ ಮನೆ ಬಿಡುತ್ತಿರಲಿಲ್ಲ. ಈಗಲೂ ಅದು ಕಂಕುಳಲ್ಲಿತ್ತು. ಒಳಗೆ ಬಂದು ಪರದೆಯ ಮೇಲೆ ಬಗ್ಗಿ ನೋಡಿ, “ಇದು ನಿಮ್ಮ ಬಾಮೈದಂದಾ? ಈಚೆಗೆ ತುಂಬ ಸಂಭಾವಿತ ಆಗ್ಬಿಟ್ಟಿದೆ ಕಣ್ರೀ. ಮೊದಲು ಹುಚ್ಚುಚ್ಚಾಗಿ ಕೆಂಪು ತೋರಿಸಿ ನನ್ನ ಎದೆ ಒಡೀತಿತ್ತು. ಈಗ ನೋಡಿ, ನನ್ನ ಥರಾನೇ ಮಾತಾಡುತ್ತೆ. ಅಲ್ಲಲ್ಲಿ ಹಗುರದಿಂದ ಸಾಧಾರಣ ಮಳೆ” ಎಂದು ಬುಲೆಟಿನ್ನಿನ ದನಿಯಲ್ಲಿ ಹೇಳಿ ನಕ್ಕ. ಅವನು ನಗಲಿಲ್ಲ. “ನಿಮಗೆ ಇದರಿಂದ ಉಪಯೋಗ ಉಂಟಾ?” ಎಂದು ಕೇಳಿದ. ಛತ್ರಿಗೆ ಪ್ರಶ್ನೆ ಇಷ್ಟವಾಗಲಿಲ್ಲ. “ಉಪಯೋಗ ಅಂದ್ರೆ? ಯಾರೂ ಬಂದು ಬಯ್ಯೋದಿಲ್ಲವಲ್ಲ, ಅದೇ ಉಪಯೋಗ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಾನು ಇಪ್ಪತ್ತು ವರ್ಷದಿಂದ ಬದುಕಿರೋದೇ ಹಾಗೆ. ನಿಮಗೇನಪ್ಪ, ಉಂಡೆಲೆ ಎತ್ತೋ ಗುಂಡ ಅಂದ್ರೆ ಉಂಡೋರೆಷ್ಟು ಜನ ಅಂತ ಕೇಳ್ಕೊಂಡು ಕೂತಿರ್ತೀರಿ.” ಹೋಗುವ ಮುನ್ನ ಭುಜ ತಟ್ಟಿ, “ಬಾಮೈದ ಗೆದ್ದ ಬಿಡಿ. ಮನೇಲಿ ಇವತ್ತು ನಿಮಗೆ ರಾಜೋಪಚಾರ” ಎಂದ. ಅದು ನಿಜವಾಗಿದ್ದರಿಂದ ಅವನ ಮುಖ ಬಿಸಿಯಾಯಿತು.

ಬಯ್ಯದಿದ್ದರೂ ಕೇಳುವವರು ಇದ್ದರು. ಹಿಂದಿನ ಮಳೆಗಾಲದಲ್ಲಿ ಮಾರುಕಟ್ಟೆಯ ಹಿಂದಿನ ತಗ್ಗು ಬೀದಿಗಳಿಗೆ ನೀರು ನುಗ್ಗಿದ್ದಾಗ, ಆ ಕಡೆಯ ಮಳೆಮಾಪಕ ಕೆಟ್ಟಿದೆಯೇ ನೋಡಿ ಬರಲು ಅವನೇ ಹೋಗಿದ್ದ. ಮಾಪಕ ಕೆಟ್ಟಿರಲಿಲ್ಲ. ಬಿಸಿಲು ಬಂದಿತ್ತು. ಬೀದಿಯುದ್ದಕ್ಕೂ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಒಣಗಿಸುತ್ತಿದ್ದರು, ಪುಸ್ತಕಗಳನ್ನು ಬಿಚ್ಚಿ ಹಾಳೆಯ ಮೇಲೆ ಕಲ್ಲಿಟ್ಟಿದ್ದರು, ಹೊಲಿಗೆಯಂತ್ರವೊಂದು ಕೆಸರು ಮೆತ್ತಿಕೊಂಡು ನಡುರಸ್ತೆಯಲ್ಲಿ ನಿಂತಿತ್ತು. ಅದರ ಒಡತಿಯಿರಬೇಕು, ಅವನ ಕೊರಳಲ್ಲಿ ನೇತಾಡುತ್ತಿದ್ದ ಕಚೇರಿಯ ಗುರುತಿನ ಚೀಟಿ ನೋಡಿ, “ನೀವು ಮಳೆ ಆಫೀಸಿನೋರಾ? ನಿಮಗೆ ಗೊತ್ತಿರ್ಲಿಲ್ವಾ?” ಎಂದು ಕೇಳಿದಳು. ಸಿಟ್ಟಿನಿಂದಲ್ಲ, ಗೊತ್ತಿತ್ತೋ ಇಲ್ಲವೋ ಎಂದು ತಿಳಿದುಕೊಳ್ಳುವ ಆಸೆಯಿಂದ. ಬಾಮೈದನ ಮಾದರಿಗೆ ಗೊತ್ತಿತ್ತು. ಹಿಂದಿನ ಸಂಜೆಯೇ ಅದು ಕೆಂಪು ಚುಕ್ಕೆ ಹಾಕಿತ್ತು, ಆದರೆ ಮಾರುಕಟ್ಟೆಯ ಮೇಲಲ್ಲ, ಅದರಾಚೆಯ ಗುಡ್ಡದ ಮೇಲೆ. ಹಳೆಯ ಮಾದರಿ ಹಗುರ ಮಳೆ ಎಂದಿತ್ತು. ಮಾರನೆಯ ದಿನ ಅವನೇ ಕೂತು ತಾಳೆ ನೋಡಿದಾಗ ಹಳೆಯದಕ್ಕೆ ಒಳ್ಳೆಯ ಅಂಕ ಬಂತು. ಅದನ್ನು ಹಾಗೆಯೇ ಬರೆದು ಕಳಿಸಿದ್ದ. ಆ ಹೆಂಗಸಿಗೆ ಏನು ಹೇಳಿದೆ? ಮಾಪಕದ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದ್ದ, ಅದು ಬಿಗಿಯಾಗಿಯೇ ಇತ್ತು.

ಕ್ಯಾಂಟೀನಿನಲ್ಲಿ ಬಾಮೈದ ಮೂಲೆಯ ಮೇಜಿನಲ್ಲಿ ಕೂತಿದ್ದ. ಸಭೆಗೆಂದು ಹೊಸ ಅಂಗಿ ತೊಟ್ಟಿದ್ದ, ಅದರ ಕಾಲರಿಗೆ ಒಳಗಿನ ರಟ್ಟು ಇನ್ನೂ ಅಂಟಿಕೊಂಡಿತ್ತು. ಅವನು ಎದುರಿಗೆ ಕೂತು, “ಕಾಲರಲ್ಲಿ ರಟ್ಟಿದೆ, ತೆಗಿ” ಎಂದ. ಬಾಮೈದ ತೆಗೆದು, ಮಡಚಿ, ಟೀ ಲೋಟದ ಕೆಳಗಿಟ್ಟ.

“ನಕ್ಷೆ ನೋಡಿದೆ” ಎಂದ ಅವನು.

“ನೋಡ್ತೀರ ಅಂತ ಗೊತ್ತಿತ್ತು ಭಾವ. ಅಂಕ ಬಂದ ಮೇಲೂ ನಕ್ಷೆ ನೋಡೋದು ನೀವೊಬ್ರೇ.”

“ಯಾವಾಗಿಂದ?”

“ನೀವು ಹೇಳಿದ ಮಾರನೇ ವಾರದಿಂದ. ಕೊನೇಲಿ ಒಂದು ಸಣ್ಣ ಹೆಜ್ಜೆ ಸೇರಿಸಿದೆ. ಪ್ರತಿ ಚೌಕದ ಮಳೇನೂ ಸುತ್ತಮುತ್ತ ಹಂಚಿಬಿಡುತ್ತೆ. ಏನೂ ಕಷ್ಟ ಇಲ್ಲ. ನಾಲ್ಕು ವರ್ಷ ಮಾಡಿದ್ದನ್ನ ಅಳಿಸೋಕೆ ಒಂದು ಮಧ್ಯಾಹ್ನ ಸಾಕಾಯ್ತು.”

“ನಾನು ಏನೋ ಬಾಯಿಗೆ ಬಂದಿದ್ದು ಅಂದೆ ಕಣೋ.”

“ನೀವು ಬಾಯಿಗೆ ಬಂದಿದ್ದು ಅನ್ನೋರಲ್ಲ ಭಾವ.” ಬಾಮೈದ ದನಿ ಏರಿಸಲಿಲ್ಲ. ಅವನು ಈಚೆಗೆ ದನಿ ಏರಿಸುವುದನ್ನೇ ಬಿಟ್ಟಿದ್ದ. “ನಿಮ್ಮನ್ನ ದೂರ್ತಿಲ್ಲ. ನಾನು ಮಾಡಿದ್ದು. ಹರಡೋದು ಮೋಸಾನೂ ಅಲ್ಲ, ಎಷ್ಟೋ ಜನ ಮಾಡ್ತಾರೆ. ಆ ಹೆಜ್ಜೆ ತೆಗೆದ್ರೆ ಒಳಗೆ ಹಳೇದೆಲ್ಲ ಹಾಗೇ ಇದೆ. ಆದ್ರೆ ತೆಗೆದ್ರೆ ಸೋಲ್ತೀನಿ, ಇಟ್ರೆ ಗೆಲ್ತೀನಿ. ಗೆದ್ದ ಮೇಲೆ ತೆಗೀಬಹುದು ಅಂತ ಅಂದ್ಕೊಂಡೆ. ಅದೂ ಆಗಲ್ಲ, ತೆಗೆದ ತಿಂಗಳೇ ನೀವು ಮತ್ತೆ ಕೆಟ್ಟ ಅಂಕ ಬರೀತೀರ.” ಸ್ವಲ್ಪ ನಕ್ಕು, “ಬರೀದೇ ಇರೋರಲ್ಲವಲ್ಲ ನೀವು” ಎಂದ. ಆಮೇಲೆ ಟೀ ಮುಗಿಸಿ, “ನೀವು ತಾಳೆ ನೋಡೋರು. ನೋಡಿ ಏನು ಹೇಳ್ತೀರೋ ಹಾಗೆ” ಎಂದು ಎದ್ದು ಹೋದ. ಬಾಮೈದನಿಂದ ಅವನಿಗೆ ಇನ್ನೂ ಏನಾದರೂ ಮಾತು ಬೇಕಾಗಿತ್ತು. ಬೇಡಿಕೊಂಡಿದ್ದರೆ ನಿರಾಕರಿಸಬಹುದಿತ್ತು, ಹೆದರಿಸಿದ್ದರೆ ಸಿಟ್ಟಾಗಬಹುದಿತ್ತು. ಹೀಗೆ ಬಿಟ್ಟು ಹೋದದ್ದು ಅವನಿಗೆ ಕಷ್ಟವಾಯಿತು.

ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತ, ಹೇಳುವುದು ಎಷ್ಟು ಸುಲಭ ಎಂದು ಅವನಿಗೆ ಅನ್ನಿಸಿತು. ಹೊಸ ಮಾದರಿಯ ಹಿಂದಿನ ನಕ್ಷೆ, ಈಗಿನ ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಅಂಕ ಇಳಿದದ್ದು ಮಾದರಿ ಜಾಣವಾದದ್ದರಿಂದ ಅಲ್ಲ, ಮಾತು ತೇಲಿಸುವುದನ್ನು ಕಲಿತದ್ದರಿಂದ. ನಮ್ಮ ಅಳತೆ ತೇಲಿಸುವವರನ್ನೇ ಮೆಚ್ಚುತ್ತದೆ. ಇದು ಇನ್ನೊಂದು ಅಳತೆ, ಇದರಲ್ಲಿ ಹರಡುವುದಕ್ಕೆ ಮುಂಚಿನ ಮಾದರಿಯೇ ಎಲ್ಲಕ್ಕಿಂತ ಮೇಲು. ಐದು ನಿಮಿಷದ ಮಾತು. ಮುಂದಿನದೂ ಕಣ್ಣಿಗೆ ಕಟ್ಟುತ್ತಿತ್ತು. ನಿರ್ದೇಶಕರಿಗೆ ಆ ಹಳೆಯ ಅಳತೆಯ ಮೇಲೆ ಮಮತೆ, ತರುಣರಾಗಿದ್ದಾಗ ಅದನ್ನು ಹಾಕಿಕೊಟ್ಟವರು ಅವರೇ. ಇನ್ನೊಂದು ಅಳತೆಯನ್ನು ಆಮೇಲೆ ನೋಡೋಣ ಎನ್ನುತ್ತಾರೆ; ಅಂಕಕ್ಕಾಗಿ ಹರಡಿದ ವಿಷಯ ಮಾತ್ರ ಅಲ್ಲೇ ಮೇಜಿನ ಮೇಲೆ ಕೂತಿರುತ್ತದೆ. ಬಾಮೈದನ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ. ಹರಡು ಎಂದು ಹೇಳಿಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ, ಬಾಮೈದನಂತೂ ಸತ್ತರೂ ಹೇಳುವುದಿಲ್ಲ. ಸ್ವಂತ ಬಾಮೈದನಿಗೂ ಬಿಡಲಿಲ್ಲ ಎಂದು ಮೆಟ್ಟಿಲ ಮೇಲೆ ಇನ್ನೊಮ್ಮೆ ಕೇಳಿಸುತ್ತದೆ. ಸುಮ್ಮನಿದ್ದರೆ? ಕೆಲಸ ಉಳಿಯುತ್ತದೆ, ಹೆಂಡತಿ ಮಾತಾಡುತ್ತಾಳೆ. ಯಾವುದೋ ಸಂಜೆ ಮಾರುಕಟ್ಟೆಯ ಹಿಂದೆ ಮೋಡ ಒಡೆಯುತ್ತದೆ, ಹಿಂದಿನ ದಿನ ಯಾವ ಮಾದರಿಯೂ ಕೆಂಪು ಹಾಕಿರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಇಷ್ಟು ದಿನ ಮೇಲಿಂದ ಮೇಲೆ ನಿಜ ಹೇಳಿದ್ದೇನೆ, ಒಂದು ಸಲ ದಣಿದು ಸುಮ್ಮನಿದ್ದರೆ ಏನಾಯಿತು ಎಂದು ಒಂದು ಮೆಟ್ಟಿಲಲ್ಲಿ ಅನ್ನಿಸಿದರೆ, ಇಷ್ಟು ದಿನ ಹೇಳಿದ್ದು ಒಂದಾದರೂ ನಿಜವೇ, ಬರೀ ಸಂಖ್ಯೆಯಲ್ಲವೇ ಎಂದು ಇನ್ನೊಂದರಲ್ಲಿ ಅನ್ನಿಸುತ್ತಿತ್ತು. ಮೇಲೆ ಬಂದಾಗ ಏದುಸಿರು. ಆದರೂ ನಕ್ಷೆಗಳೆರಡನ್ನೂ ಮುದ್ರಿಸಿಕೊಂಡ. ಮುದ್ರಿಸಿದ ಕೂಡಲೇ ಹೇಳಿಯೇಬಿಟ್ಟಷ್ಟು ಹಗುರವಾಯಿತು. ಅದೇ ತಪ್ಪಾಯಿತು ಎಂದು ಆಮೇಲೆ ಅನ್ನಿಸಿತು.

ಸಭೆಯ ಕೋಣೆಯಲ್ಲಿ ಅವನ ಕುರ್ಚಿ ಬಾಗಿಲ ಪಕ್ಕ. ಒಳಗೆ ಬರುವವರೆಲ್ಲ ಅವನ ಮೊಣಕಾಲಿಗೆ ತಾಗಿ ಸಾರಿ ಎನ್ನುತ್ತಿದ್ದರು. ಬಿಸ್ಕತ್ತಿನ ತಟ್ಟೆ ಅವನವರೆಗೆ ಬರುವಷ್ಟರಲ್ಲಿ ಚೂರುಗಳಷ್ಟೇ ಉಳಿದಿದ್ದವು. ಬಾಮೈದ ನೇರ ಎದುರಿಗೆ ಕೂತಿದ್ದ. ನಿರ್ದೇಶಕರು ಕೆಟ್ಟವರಲ್ಲ, ನಿದ್ದೆಗೆಟ್ಟ ಕಣ್ಣು, ಯಾವಾಗಲೂ ಮುಂದಿನ ಸಭೆಯ ಕಡೆಗೇ ಮೈ ವಾಲಿಸಿಕೊಂಡಿರುತ್ತಿದ್ದರು. ಪರದೆಯ ಮೇಲೆ ಅಂಕ ಬಂತು. ಎರಡು ಗೆರೆ, ಹೊಸದು ಕೆಳಗೆ. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. “ಇದೇನು ಇಷ್ಟು ಇಳಿದಿದೆ!” ಎಂದು ನಿರ್ದೇಶಕರು ಕನ್ನಡಕ ಏರಿಸಿಕೊಂಡರು. “ಮುನ್ಸೂಚನೆಯವರಿಗೆ ಹೇಗನ್ಸುತ್ತೆ?” ಛತ್ರಿ, “ಒಳ್ಳೇದಿದೆ ಸಾರ್. ನಂಬಬಹುದು” ಎಂದ. ಅವನು ಮಡಿಲಲ್ಲಿದ್ದ ಎರಡು ಹಾಳೆಗಳ ಅಂಚನ್ನು ಜೋಡಿಸಿದ. ಜೋಡಿಸಿದ್ದನ್ನು ಮತ್ತೆ ಜೋಡಿಸಿದ. “ಸಾರ್, ಒಂದು ಮಾತು” ಎಂದ. ತನ್ನ ದನಿ ತನಗೇ ಕೇಳಿಸಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಎಲ್ಲರೂ ಒಟ್ಟಿಗೆ ತನ್ನ ಕಡೆ ತಿರುಗಿದ್ದು ಅದೇ ಮೊದಲು ಎಂದು ಅನ್ನಿಸಿತು. “ಹೇಳಿ, ಅಂಕದಲ್ಲಿ ಏನಾದ್ರೂ ತಪ್ಪಿದೆಯಾ?” ಎಂದು ನಿರ್ದೇಶಕರು ಕೇಳಿದರು. ಪ್ರಶ್ನೆ ಎಷ್ಟು ನೇರವಾಗಿತ್ತೆಂದರೆ ಅದಕ್ಕೆ ನಿಜವಾದ ಉತ್ತರ ಒಂದೇ ಇತ್ತು. ಕೂಡಿಸಿದ್ದು ಸರಿ, ಕಳೆದದ್ದು ಸರಿ, ಮಾಪಕಗಳೆಲ್ಲ ಸರಿ. “ಇಲ್ಲ ಸಾರ್. ಅಂಕ ಸರಿಯಾಗಿದೆ.” “ಮತ್ತೆ?” ಬಾಮೈದ ಅವನನ್ನೇ ನೋಡುತ್ತಿದ್ದ. ಆ ನೋಟವನ್ನು ಅವನು ಬೇಡಿಕೆ ಎಂದು ಓದಿದ. ಬೇಡ ಭಾವ, ಹೇಳಬೇಡಿ ಎಂದು ಆ ಕಣ್ಣು ಹೇಳುತ್ತಿದೆ ಎಂದುಕೊಂಡ, ಹಾಗೆ ಅಂದುಕೊಂಡ ಕೂಡಲೇ ಮೈಯೆಲ್ಲ ಸಡಿಲವಾಯಿತು. “ಮತ್ತೇನಿಲ್ಲ ಸಾರ್. ಅದನ್ನೇ ಹೇಳೋಣ ಅಂತ. ಎರಡು ಸಲ ತಾಳೆ ನೋಡಿದ್ದೀನಿ.” ನಿರ್ದೇಶಕರು ನಕ್ಕರು. “ಸ್ವಂತ ಬಾಮೈದನಿಗೆ ಇವರು ಸರಿ ಇದೆ ಅಂದ್ರೆ ಇನ್ಯಾರೂ ನೋಡೋದು ಬೇಡ” ಎಂದರು. ಕೋಣೆಯೆಲ್ಲ ನಕ್ಕಿತು, ಒಳ್ಳೆಯ ಮನಸ್ಸಿನ ನಗು. ಅವನ ಇಷ್ಟು ವರ್ಷದ ಗಡಸುತನಕ್ಕೆ ಅವತ್ತು ಒಮ್ಮೆಲೇ ಬೆಲೆ ಬಂದಿತ್ತು. ನಿರ್ದೇಶಕರು ಮುಂದಿನ ಸಭೆಗೆ ಎದ್ದರು.

ಸಂಜೆ ಬಸ್ ನಿಲ್ದಾಣದಲ್ಲಿ ಬಾಮೈದ ಅವನ ಪಕ್ಕ ಬಂದು ನಿಂತ. ಜನ ಬಹಳ ಇದ್ದರು. ಒಂದು ಬಸ್ಸು ನಿಲ್ಲಿಸದೆ ಹೋಯಿತು. ಥ್ಯಾಂಕ್ಸ್ ಅನ್ನುತ್ತಾನೇನೋ ಎಂದು ಅವನು ಹೆದರಿಕೊಂಡೇ ನಿಂತಿದ್ದ. ಅಂದರೆ, ಛೆ, ಅದರಲ್ಲೇನಿದೆ ಎನ್ನಬೇಕೆಂದು ಸಿದ್ಧ ಮಾಡಿಕೊಂಡಿದ್ದ. ಬಾಮೈದ ರಸ್ತೆಯ ಕಡೆಯೇ ನೋಡುತ್ತಿದ್ದ.

“ನೀವು ಹೇಳ್ತೀರ ಅಂದ್ಕೊಂಡಿದ್ದೆ ಭಾವ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗದಿರಲಿ ಎಂಬಂತೆ, “ಏನನ್ನ?” ಎಂದ.

“ಒಂದು ಮಾತು ಅಂದ್ರಲ್ಲ, ಆಗ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಅಬ್ಬಾ, ಮುಗೀತು ಅಂದ್ಕೊಂಡೆ. ನನ್ನ ಕೈಲಿ ಆಗಲಿಲ್ಲ, ಇವರ ಕೈಲಾದ್ರೂ ಆಗುತ್ತೆ ಅಂತ ನಿಮ್ಮ ಮುಖಾನೇ ನೋಡ್ತಿದ್ದೆ.” ಬಾಮೈದ ಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡ. “ಇಷ್ಟು ವರ್ಷ ನೀವು ಕೆಟ್ಟ ಅಂಕ ಕೊಟ್ಟಾಗೆಲ್ಲ ಅಕ್ಕನ ಹತ್ರ ನಿಮ್ಮ ಪರವಾಗಿ ಜಗಳ ಆಡಿದ್ದು ನಾನೇ. ಭಾವ ಇದ್ದಿದ್ದನ್ನ ಇದ್ದ ಹಾಗೆ ಹೇಳೋರು, ಅವರ ಹತ್ರ ಸೋಲೋದ್ರಲ್ಲಿ ಅವಮಾನ ಇಲ್ಲ ಅಂತ.”

ಬಾಮೈದನ ಬಸ್ಸು ಬಂತು. ಹತ್ತಿ, ನಿಂತುಕೊಂಡೇ ಹೋದ, ಕಿಟಕಿಯಿಂದ ತಿರುಗಿ ನೋಡಲಿಲ್ಲ. ನಿಲ್ದಾಣದಲ್ಲಿ ಉಳಿದ ಅವನ ಕೈಯಲ್ಲಿ ನಕ್ಷೆಗಳ ಹಾಳೆ ಇನ್ನೂ ಇತ್ತು, ಬೆವರಿಗೆ ಮುದ್ದೆಯಾಗಿತ್ತು. ನಾಳೆ ಹೋಗಿ ಹೇಳಬಹುದು ಎಂದುಕೊಂಡ. ನಾಳೆ ಬೆಳಿಗ್ಗೆಯೇ ನಿರ್ದೇಶಕರ ಕೋಣೆಗೆ ಹೋಗಿ, ಸಾರ್, ನಿನ್ನೆ ಒಂದು ಮಾತು ಬಿಟ್ಟುಹೋಯಿತು ಎನ್ನಬಹುದು. ಬಾಗಿಲವರೆಗೆ ಹೋಗುವುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅದರಾಚೆ ಏನೂ ಕಾಣಲಿಲ್ಲ.

ಮನೆಯ ಕರೆಗಂಟೆ ಒತ್ತುವ ಮೊದಲೇ ಹೆಂಡತಿ ಬಾಗಿಲು ತೆರೆದಳು. ಕಾಯುತ್ತಿದ್ದಿರಬೇಕು. ಮುಖ ತೊಳೆದು ತಲೆ ಬಾಚಿಕೊಂಡಿದ್ದಳು. ಅವಳು ಇಷ್ಟು ಚೆಲುವೆ ಎಂಬುದನ್ನು ಅವನು ಈ ತಿಂಗಳುಗಳಲ್ಲಿ ಮರೆತೇಬಿಟ್ಟಿದ್ದ. “ಬನ್ನಿ, ಬನ್ನಿ. ಚೀಲ ಕೊಡಿ ಇಲ್ಲಿ” ಎಂದು ಕಸಿದುಕೊಂಡಳು. “ಅವನು ಫೋನ್ ಮಾಡಿದ್ದ, ಈಗಷ್ಟೇ. ಎಲ್ಲಾ ಹೇಳ್ದ. ನೀವು ಎದ್ದು ಅಷ್ಟು ಜನದ ಮುಂದೆ ಸರಿಯಾಗಿದೆ ಅಂದ್ರಂತೆ.” ಅವನು ಶೂ ಬಿಚ್ಚಲು ಬಗ್ಗಿದ. ಗಂಟು ಬಿಗಿದುಕೊಂಡಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ. ಮೇಲಿನಿಂದ ಅವಳ ದನಿ ಬರುತ್ತಲೇ ಇತ್ತು. “ಮಾತೇ ಆಡೋಕಾಗ್ಲಿಲ್ಲ ಕಣ್ರೀ ಅವನಿಗೆ. ಅಳ್ತಿದ್ದ. ಚಿಕ್ಕ ಮ‌ಗು ಥರ ಬಿಕ್ಕಿಬಿಕ್ಕಿ ಅಳ್ತಿದ್ದ. ಅಪ್ಪ ಹೋದಾಗ್ಲೂ ಅವನು ಹಾಗೆ ಅತ್ತಿರ್ಲಿಲ್ಲ. ನನಗೂ ಅಳು ಬಂದ್ಬಿಡ್ತು. ಎಷ್ಟು ಸಂತೋಷ ಆಗಿರ್ಬೇಕು ಯೋಚ್ನೆ ಮಾಡಿ.”

ಅವನು ತಲೆ ಎತ್ತಲಿಲ್ಲ. ಅವಳು ಬಗ್ಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿ ಬೆವರಿಂದ ಒದ್ದೆಯಾಗಿದ್ದರೂ ತೆಗೆಯಲಿಲ್ಲ, ಮೆಲ್ಲಗೆ ಮೇಲಿಂದ ಕೆಳಗೆ ಸವರಿದಳು, ಎಷ್ಟು ದಣಿದಿದ್ದೀರಿ ಎಂದಳು. ಹೇಳಿದರೆ ಈಗಲೇ ಹೇಳಬೇಕು. ಶೂವಿನ ಗಂಟು ಬಿಚ್ಚಿಕೊಂಡಿತು. ಆದರೂ ಅವನು ಏಳಲಿಲ್ಲ. ಎದ್ದರೆ ಅವಳು ಕೈ ತೆಗೆದುಬಿಡುತ್ತಾಳೆಂದು, ಗಂಟು ಇನ್ನೂ ಬಿಗಿದಿರುವವನ ಹಾಗೆ ಬಗ್ಗಿಕೊಂಡೇ ಇದ್ದ.